ನಿಮಗಿದು ಗೊತ್ತೆ? ನಿರಾಶ್ರಿತರ ಕೈಗೆಲಸಕ್ಕೆ ಮಂಗಳೂರಿನ ಮಗಳ ನೆರವು

ಪಣಂಬೂರಿನಲ್ಲಿ ನವಮಂಗಳೂರು ಬಂದರು ನಿರ್ಮಾಣವಾದಾಗ ಮನೆಮಠಗಳನ್ನು ತೊರೆದು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಹೊಸದಾಗಿ ಬದುಕು ಕಟ್ಟಿಕೊಳ್ಳಬೇಕಾಗಿ ಬಂದ ಕುಟುಂಬಗಳ ಸಂಕಟವನ್ನು ಬಲ್ಲ ಈ ಸೀಮೆಯವರು, ನೆಲೆಗೆಟ್ಟವರ ಕೈಗೆಲಸಕ್ಕೆ ಮಾರುಕಟ್ಟೆಯನ್ನು ದೊರಕಿಸಿದವರಲ್ಲಿ ಅಗ್ರಗಣ್ಯರಾದ ಮಹಿಳೆಯೊಬ್ಬರು ಮಂಗಳೂರಿನಲ್ಲಿಯೇ ಜನಿಸಿದರೆಂಬುದನ್ನು ಅಭಿಮಾನದಿಂದ ಸ್ಮರಿಸತಕ್ಕದ್ದು. 1903ರ ಏಪ್ರಿಲ್ 3ರಂದು ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೇ ಅವರು.

ದೇಶವಿಭಜನೆಯ ದಾರುಣ ದಿನಗಳಲ್ಲಿ ಲಕ್ಷಾಂತರ ಜನರು ಸರ್ವಸ್ವವನ್ನೂ ಕಳೆದುಕೊಂಡು ದೆಹಲಿಯನ್ನು ಸೇರಿದಾಗ, ದಾನಕ್ಕಿಂತ ದುಡಿಮೆಯನ್ನೇ ನೆಚ್ಚಿದ ಕಮಲಾದೇವಿಯವರು 1948ರಲ್ಲಿ ಭಾರತೀಯ ಸಹಕಾರಿ ಒಕ್ಕೂಟವನ್ನು ಸ್ಥಾಪಿಸಿ, ವಾಯವ್ಯ ಗಡಿಪ್ರಾಂತದಿಂದ ಬಂದ ನಿರಾಶ್ರಿತರು ಫರೀದಾಬಾದಿನಲ್ಲಿ ತಮ್ಮ ನಗರವನ್ನು ತಾವೇ ಕಟ್ಟಿಕೊಳ್ಳುವಂತೆ ಬೆಂಬಲವಿತ್ತರು. ಆಗಲೇ ಸಮಾಜಸೇವಕಿ ಫೋರಿ ನೆಹರೂ ಮೊದಲಾದ ಸ್ತ್ರೀಯರು, ನಿರಾಶ್ರಿತ ಮಹಿಳೆಯರ ಕಸೂತಿ ಮತ್ತಿತರ ಕೈಗೆಲಸಗಳ ಮಾರಾಟಕ್ಕೆಂದು ದೆಹಲಿಯಲ್ಲಿ ಅಂಗಡಿಯೊಂದನ್ನು ನಡೆಸಿದರು. ಕೊಂಡವರ ಮನೆಗೆ ಚೆಲುವು, ಮಾಡಿದವರ ಒಲೆಗೆ ಬೆಂಕಿ: ಇದಕ್ಕಿಂತ ಗೌರವಯುತವಾದ ನೆರವು ಬೇರೊಂದಿರಲಾರದು.

1952ರಲ್ಲಿ ದೆಹಲಿಯ ಕೇಂದ್ರೀಯ ಗೃಹಕೈಗಾರಿಕಾ ಮಳಿಗೆಯ ಆಡಳಿತವು ಕಮಲಾದೇವಿಯವರ ಒಕ್ಕೂಟದ ವಶಕ್ಕೆ ಬಂದಿತು. ಅದೇ ವರ್ಷ ಅಖಿಲ ಭಾರತ ಕರಕುಶಲ ಮಂಡಲಿಯ ಅಧ್ಯಕ್ಷಪದವೂ ಅವರನ್ನು ವರಿಸಿತು. ಪರಂಪರಾಗತ ಕಸುಬುಗಳನ್ನು ಇಂದಿನ ಗೃಹಬಳಕೆಗೆ ಹೊಂದಿಸುವ ಸಲುವಾಗಿ ಆ ಮಂಡಲಿಯು ತೆರೆದ ಪ್ರಾದೇಶಿಕ ವಿನ್ಯಾಸ ಕೇಂದ್ರಗಳಲ್ಲೊಂದು ನಮ್ಮ ಬೆಂಗಳೂರಿನಲ್ಲಿದ್ದಿತು.