ಕಲ್ಪನಾಕ್ರೀಡೆಯ ಚಿತ್ರಕಲೆ

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವು 1974ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾಯಿತು. ಆಡುವವರು ಮೇಜಿನ ಸುತ್ತ ಕುಳಿತು, ಒಬ್ಬನು ಯೋಧನಾಗಿ, ಇನ್ನೊಬ್ಬನು ಮಾಂತ್ರಿಕನಾಗಿ, ಮಾತಿನಲ್ಲಿಯೇ ಕಥೆಯನ್ನು ಬೆಳೆಸುವರು; ಗೆಲುವು ಸೋಲುಗಳನ್ನು ದಾಳವು ನಿರ್ಣಯಿಸುವುದು. ಆ ಲೋಕವು ಕಣ್ಣಿಗೆ ಕಾಣದಾದುದರಿಂದ ನಿಯಮಪುಸ್ತಕದ ಚಿತ್ರಗಳಿಗೆ ವಿಶೇಷವಾದ ಹೊಣೆಯುಂಟು. ಮೊದಮೊದಲಿನವು ಹವ್ಯಾಸಿಗಳ ರೇಖಾಚಿತ್ರಗಳು. ಕೆಲವಂತೂ ಚಿತ್ರಕಥಾಪತ್ರಿಕೆಗಳಿಂದ ನಕಲಾದವು!

ಬಾಲಮಿತ್ರರೇ, 1978ರ ಆಟಗಾರರ ಕೈಪಿಡಿಗೆ ಡೇವಿಡ್ ಟ್ರ್ಯಾಂಪಿಯರ್ ಬರೆದ ಮುಖಚಿತ್ರವು ಹೀಗಿದೆ: ಕೊಂಬುಳ್ಳ ಬೃಹದ್ವಿಗ್ರಹ, ಅದರ ಕಣ್ಣಿನ ರತ್ನವನ್ನು ಇಬ್ಬರು ಮೀಟಿ ತೆಗೆಯುತ್ತಿರುವರು. ಕೆಳಗೆ ಹಲ್ಲಿಯ ರೂಪದ ಶತ್ರುಗಳು ಸತ್ತು ಬಿದ್ದಿವೆ. ಒಬ್ಬನು ಕತ್ತಿಯನ್ನು ಒರೆಸುತ್ತಿರುವನು. ಕಾಳಗ ಮುಗಿದಿದೆ. ಮುಂದೇನು? ಅದನ್ನು ಚಿತ್ರಕಾರನು ಹೇಳದೆ ಆಡುವವರಿಗೆ ಬಿಟ್ಟಿದ್ದಾನೆ.

1983ರಲ್ಲಿ ಲ್ಯಾರಿ ಎಲ್ಮೋರ್ ಬರೆದ ವರ್ಣಚಿತ್ರದಲ್ಲಿ ವೀರನೊಬ್ಬನು ಕೆಂಪು ಡ್ರ್ಯಾಗನ್ನನ್ನು ಎದುರಿಸುವನು. ಕೈಚಳಕ ಹೆಚ್ಚಿನದು, ನಿಜ. ಆದರೆ ನಾಯಕನು ಯಾರೆಂಬುದು ಅಲ್ಲಿ ಮೊದಲೇ ನಿಶ್ಚಯವಾಗಿದೆ. ನನ್ನ ಮೆಚ್ಚುಗೆ ಟ್ರ್ಯಾಂಪಿಯರನಿಗೇ.

ಇದೇ ಆಟದ ‘ಪ್ಲೇನ್‌ಸ್ಕೇಪ್’ ಎಂಬ ಲೋಕಕ್ಕೆ 1994ರಲ್ಲಿ ಚಿತ್ರ ಬರೆದ ಟೋನಿ ಡಿಟರ್ಲಿಜ್ಜಿಯು ಇನ್ನೂ ಹಿಂದಕ್ಕೆ, ಇಂಗ್ಲೆಂಡಿನ ಆರ್ಥರ್ ರ‍್ಯಾಕಮ್ (1867–1939) ಬರೆದ ಮಕ್ಕಳ ಪುಸ್ತಕಗಳ ಚಿತ್ರಗಳತ್ತ ನೋಡಿದನು. ಬೇರಿನಂತೆ ತಿರುಚಿಕೊಂಡ ಆ ರೇಖೆಯೂ ಮಾಸಲು ಬಣ್ಣವೂ ಡಿಟರ್ಲಿಜ್ಜಿಯ ವಿಚಿತ್ರ ಜೀವಿಗಳಲ್ಲಿ ಮತ್ತೆ ಕಾಣಿಸಿಕೊಂಡವು.