ಕೈ ಕೆಸರಾದ ಶಾಲೆಗಳು

ನಮ್ಮ ಕಾಸರಗೋಡು ಸೀಮೆಯ ಹಳ್ಳಿದಾರಿಗಳಲ್ಲಿ ನಡೆದು ಹೋಗುವಾಗ ಕೆಲವು ಶಾಲೆಗಳ ಫಲಕದ ಮೇಲೆ ‘ಜಿ. ಜೆ. ಬಿ. ಎಸ್.’ ಎಂದೋ ‘ಎ. ಎಸ್. ಬಿ. ಎಸ್.’ ಎಂದೋ ಬರೆದಿರುವುದನ್ನು ವಾಚಕರು ಕಂಡಿರಬಹುದು. ಜೂನಿಯರ್ ಬೇಸಿಕ್, ಸೀನಿಯರ್ ಬೇಸಿಕ್ ಶಾಲೆ ಎಂಬುದು ಅದರ ವಿಸ್ತಾರ. ಆ ಶಾಲೆಗಳಲ್ಲಿ ಇಂದು ಕಲಿಯುತ್ತಿರುವ ಮಕ್ಕಳನ್ನು ‘ಬಿ’ ಎಂದರೇನೆಂದು ಕೇಳಿದರೆ ಉತ್ತರ ಬರುವುದು ಕಷ್ಟ. ಆದರೆ ಆ ಒಂದಕ್ಷರದ ಹಿಂದೆ, ಶಾಲೆಯು ತನ್ನ ಅನ್ನವನ್ನು ತಾನೇ ದುಡಿದುಕೊಳ್ಳಬಲ್ಲುದೇ ಎಂಬ ದೊಡ್ಡ ಪ್ರಶ್ನೆಯೊಂದು ಅಡಗಿದೆ.

ಈ ಲೇಖಕನು ಬಾಲ್ಯದಲ್ಲಿ ಅಂತಹುದೇ ಒಂದು ಶಾಲೆಯಲ್ಲಿ ಕಲಿತವನು. ಮಧ್ಯಾಹ್ನದ ಮೇಲೆ ಒಂದು ಅವಧಿ ತಕಲಿಗೆ ಮೀಸಲಾಗಿತ್ತು. ಮಾಸ್ತರರು ಎಲ್ಲರಿಗೂ ಹಂಜಿ ಹಂಚುತ್ತಿದ್ದರು; ನಾವು ಜಗಲಿಯ ಮೇಲೆ ಸಾಲಾಗಿ ಕುಳಿತು ನೂಲುತ್ತಿದ್ದೆವು. ಎಳೆ ತುಂಡಾಗದಂತೆ ನೂಲಲು ಕಲಿತ ದಿನದ ಹಿಗ್ಗು ಇಂದಿಗೂ ಮರೆತಿಲ್ಲ. ನೂತ ನೂಲನ್ನು ಲಡಿ ಮಾಡಿ ಕಚೇರಿಯ ಕೋಣೆಯಲ್ಲಿದ್ದ ತಗಡಿನ ಪೆಟ್ಟಿಗೆಯಲ್ಲಿಡುತ್ತಿದ್ದರು. “ಈ ನೂಲು ಮುಂದೆ ಏನಾಗುತ್ತದೆ, ಸಾರ್?” ಎಂದು ಒಮ್ಮೆ ಕೇಳಿದೆ. ಮಾಸ್ತರರು ಕ್ಷಣಕಾಲ ಸುಮ್ಮನಿದ್ದು, “ನೀನು ನೂಲು ಮಾರಾಯ” ಎಂದರು. ವರ್ಷಾಂತ್ಯದಲ್ಲಿ ಪೆಟ್ಟಿಗೆ ತೆರೆದಾಗ ಇಲಿಗಳು ಅದರಲ್ಲಿ ಗೂಡು ಕಟ್ಟಿದ್ದವು.

ಆ ಪೆಟ್ಟಿಗೆಯ ನೂಲಿಗೆ ಏಕೆ ಆ ಗತಿ ಬಂದಿತು? ಇದೇ ವಿಚಾರದಲ್ಲಿ ಬೇರೆ ಕಡೆ ಗೆದ್ದವರು ಹೇಗೆ ಗೆದ್ದರು? ಗಡಿನಾಡಿನ ನಮ್ಮ ಶಾಲೆಗಳಿಗೆ ಇದರಿಂದ ಪಾಠವೇನಾದರೂ ಉಂಟೇ? ಈ ಲೇಖನದ ವಿಷಯ ಇಷ್ಟೇ.

ವಾರ್ಧಾದ ಯೋಚನೆ

1937ರಲ್ಲಿ ಹಲವು ಪ್ರಾಂತಗಳಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ಅಧಿಕಾರಕ್ಕೆ ಬಂದಾಗ ಒಂದು ಧರ್ಮಸಂಕಟವೂ ಜೊತೆಗೆ ಬಂದಿತು. ಪಾನನಿಷೇಧವು ಅವರ ವಚನವಾಗಿತ್ತು. ಆದರೆ ಶಾಲೆಗಳಿಗೆ ವಿನಿಯೋಗವಾಗುತ್ತಿದ್ದ ಹಣದಲ್ಲಿ ಬಹುಪಾಲು ಅಬಕಾರಿ ಉತ್ಪನ್ನದಿಂದಲೇ ಬರುತ್ತಿತ್ತು. ತಂದೆ ಕುಡಿದರೆ ಮಗನಿಗೆ ಅಕ್ಷರ, ತಂದೆ ಬಿಟ್ಟರೆ ಮಗನಿಗೆ ಶಾಲೆಯಿಲ್ಲ ಎಂಬ ಈ ವಿಪರೀತಕ್ಕೆ ಗಾಂಧೀಜಿ ಹುಡುಕಿದ ಪರಿಹಾರವೇ ಸ್ವಾವಲಂಬಿ ಶಾಲೆ. ಮಕ್ಕಳು ಒಂದು ಕಸುಬನ್ನು ಶಾಸ್ತ್ರೀಯವಾಗಿ ಕಲಿಯಲಿ. ಆ ಕಸುಬಿನ ಮೂಲಕವೇ ಗಣಿತ, ವಿಜ್ಞಾನ, ಭೂಗೋಳಗಳನ್ನು ಅರಿಯಲಿ. ಮಾಡಿದ ವಸ್ತುವಿನ ಬೆಲೆಯಿಂದ ಉಪಾಧ್ಯಾಯರ ವೇತನ ಹುಟ್ಟಲಿ ಎಂಬುದು ಅವರ ಆಶಯ.

ಇದು ಕೇವಲ ಕಲ್ಪನೆಯಾಗಿರಲಿಲ್ಲ. ಜೋಹಾನ್ಸ್‌ಬರ್ಗಿನ ಸಮೀಪ 1910ರಲ್ಲಿ ಆರಂಭವಾದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಅವರು ಇದರ ರುಚಿ ಕಂಡಿದ್ದರು. ಅವರ ಮಿತ್ರ ಕಾಲೆನ್‌ಬಾಖ್ ಕ್ರೈಸ್ತ ಸಂನ್ಯಾಸಿಗಳ ಮಠವೊಂದಕ್ಕೆ ಹೋಗಿ ಚಪ್ಪಲಿ ಹೊಲಿಯುವುದನ್ನು ಕಲಿತು ಬಂದರು. ಅವರಿಂದ ಗಾಂಧೀಜಿ, ಗಾಂಧೀಜಿಯಿಂದ ಫಾರ್ಮಿನ ಇತರರು ಕಲಿತರು.

1937ರ ಅಕ್ಟೋಬರ್ 22 ಮತ್ತು 23ರಂದು ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ನೆರೆಯಿತು. ಡಾ. ಝಾಕಿರ್ ಹುಸೇನರ ಅಧ್ಯಕ್ಷತೆಯಲ್ಲಿ ನೇಮಕಗೊಂಡ ಸಮಿತಿ ಏಳು ವರ್ಷಗಳ ಪಠ್ಯಕ್ರಮವೊಂದನ್ನು ರೂಪಿಸಿತು. ದಿನದ ಐದೂವರೆ ಗಂಟೆಗಳಲ್ಲಿ 3 ಗಂಟೆ 20 ನಿಮಿಷ ಕಸುಬಿಗೆ. 40 ನಿಮಿಷ ಮಾತೃಭಾಷೆಗೆ. ಉಳಿದುದು ಗಣಿತ, ಸಂಗೀತ, ಚಿತ್ರಕಲೆ, ಸಮಾಜ, ವಿಜ್ಞಾನ ಮತ್ತು ವ್ಯಾಯಾಮಕ್ಕೆ. ಬೋಧನೆ ಎಲ್ಲವೂ ತಾಯ್ನುಡಿಯಲ್ಲಿಯೇ ನಡೆಯಬೇಕೆಂಬುದು ಯೋಜನೆಯ ಇನ್ನೊಂದು ಆಧಾರಸ್ತಂಭ. ಗಡಿನಾಡಿನವರಾದ ನಾವು ಈ ಮಾತನ್ನು ವಿಶೇಷವಾಗಿ ನೆನಪಿಡಬೇಕು.

ಮೊಸರು ಯಾರ ಬಾಯಿಗೆ?

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ನಮ್ಮಲ್ಲಿದೆ. ಆದರೆ ಕೆಸರಾಗುವುದು ಮಗುವಿನ ಕೈಯಾದಾಗ ಮೊಸರು ಯಾರ ಬಾಯಿಗೆ ಎಂದು ಕೇಳುವವರು ಆ ಸಮ್ಮೇಳನದಲ್ಲಿಯೇ ಇದ್ದರು. ಮಕ್ಕಳ ದುಡಿಮೆಯಿಂದ ಅಗ್ಗವಾಗಿ ಬಂದ ಸರಕು ವೃತ್ತಿಯನ್ನೇ ನಂಬಿದ ಕುಶಲಕರ್ಮಿಯ ಅನ್ನಕ್ಕೆ ಸಂಚಕಾರ ತರುವುದೆಂದು ಅರ್ಥಶಾಸ್ತ್ರಜ್ಞ ಕೆ. ಟಿ. ಶಾ ಎಚ್ಚರಿಸಿದರು. ಝಾಕಿರ್ ಹುಸೇನ್ ಸಮಿತಿಯೂ ಈ ಅಪಾಯವನ್ನು ಮರೆಮಾಚಲಿಲ್ಲ: ಆದಾಯದ ಕಡೆಗೆ ಗಮನ ಹೆಚ್ಚಾಗಿ ಶಿಕ್ಷಣದ ಗುರಿ ಹಿಂದೆ ಬೀಳಬಾರದೆಂದು ವರದಿಯಲ್ಲಿ ಬರೆಯಿತು.

ಇನ್ನೊಂದು ಅಪಾಯ 1953ರಲ್ಲಿ ಪ್ರಕಟವಾಯಿತು. ಆಗ ದಕ್ಷಿಣ ಕನ್ನಡ ಜಿಲ್ಲೆಯೂ ಅದರ ಭಾಗವಾಗಿದ್ದ ಕಾಸರಗೋಡೂ ಮದ್ರಾಸು ರಾಜ್ಯದಲ್ಲಿದ್ದವು. ಮುಖ್ಯಮಂತ್ರಿ ರಾಜಾಜಿಯವರು ಗ್ರಾಮಾಂತರ ಪ್ರಾಥಮಿಕ ಶಾಲೆಗಳ ಅವಧಿಯನ್ನು ಮೂರು ಗಂಟೆಗಳಿಗೆ ಇಳಿಸಿ, ಉಳಿದ ಹೊತ್ತು ಮಕ್ಕಳು ತಂದೆತಾಯಿಯರ ಕಸುಬನ್ನು ಕಲಿಯಲೆಂದು ಯೋಜನೆ ತಂದರು. ಕುಂಬಾರನ ಮಗ ಕುಂಬಾರನಾಗಿಯೇ, ಅಗಸನ ಮಗ ಅಗಸನಾಗಿಯೇ ಉಳಿಯಬೇಕೆ ಎಂದು ಪೆರಿಯಾರ್ ಮೊದಲಾದವರು ಸಿಡಿದೆದ್ದರು. ಜಾತಿಯ ಸರಪಳಿಗೆ ಶಾಲೆಯೇ ಬೆಸುಗೆ ಹಾಕುತ್ತಿದೆ ಎಂಬ ಆ ಆಕ್ರೋಶವು ನಿರಾಧಾರವಾಗಿರಲಿಲ್ಲ. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು. ಅನಂತರ ಬಂದ ಕಾಮರಾಜರು ಯೋಜನೆಯನ್ನು ಕೈಬಿಟ್ಟರು.

ಮೂಲಶಿಕ್ಷಣವೂ ಕ್ರಮೇಣ ಸೊರಗಿತು. ಮಕ್ಕಳು ತಯಾರಿಸಿದುದನ್ನು ಸರ್ಕಾರ ಕೊಳ್ಳಬೇಕೆಂಬುದು ಯೋಜನೆಯ ತಳಹದಿಯಾಗಿತ್ತು. ನೂಲಿಗೆ ಕೊಳ್ಳುವವರಿಲ್ಲದೆ ಹೋದಾಗ ತಳಹದಿಯೇ ಕುಸಿಯಿತು. ಪಟ್ಟಣದ ಉಳ್ಳವರು ತಮ್ಮ ಮಕ್ಕಳನ್ನು ಪುಸ್ತಕದ ಶಾಲೆಗೆ ಕಳುಹಿಸಿದರು. ತಕಲಿ ಬಡವರ ಪಾಲಿನದು ಎಂಬ ಭಾವನೆ ಬೇರೂರಿತು. ಆಮೇಲೆ 1964–66ರ ಕೊಠಾರಿ ಆಯೋಗ ‘ಕಾರ್ಯಾನುಭವ’ವೆಂದಿತು, 1977ರ ಈಶ್ವರಭಾಯಿ ಪಟೇಲ್ ಸಮಿತಿ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ವೆಂದಿತು, 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳು ಹತ್ತು ದಿನ ಚೀಲವಿಲ್ಲದೆ ಬಂದು ಸ್ಥಳೀಯ ಕಸುಬುದಾರರೊಡನೆ ಕಲಿಯಲಿ ಎಂದಿತು. ಹೆಸರು ಬದಲಾಯಿತು, ಪೆಟ್ಟಿಗೆಯ ನೂಲಿನ ಪ್ರಶ್ನೆ ಹಾಗೆಯೇ ಉಳಿಯಿತು.

ಇಟ್ಟಿಗೆ ಮತ್ತು ಗಿಣ್ಣು

ಹಾಗಾದರೆ ದುಡಿಯುವ ಶಾಲೆ ಎಲ್ಲಿಯೂ ಗೆಲ್ಲಲಿಲ್ಲವೇ? ಗೆದ್ದ ಎರಡು ಉದಾಹರಣೆಗಳನ್ನು ನೋಡೋಣ. ಒಂದು ಹಳೆಯದು, ಇನ್ನೊಂದು ಹೊಸದು. ಎರಡೂ ದೂರದ ನಾಡಿನವು.

ಗುಲಾಮಗಿರಿಯಲ್ಲಿಯೇ ಹುಟ್ಟಿದ ಬೂಕರ್ ಟಿ. ವಾಷಿಂಗ್ಟನ್ನರು 1881ರಲ್ಲಿ ಅಮೆರಿಕದ ಅಲಬಾಮಾ ಸಂಸ್ಥಾನದ ಟಸ್ಕೀಗಿಯಲ್ಲಿ ಕರಿಯ ಜನರಿಗಾಗಿ ಶಾಲೆ ತೆರೆದರು. ಕಟ್ಟಡಕ್ಕೆ ಇಟ್ಟಿಗೆ ಬೇಕಾಗಿತ್ತು. ಊರಿನಲ್ಲಿ ಇಟ್ಟಿಗೆ ಮಾಡುವವರೇ ಇರಲಿಲ್ಲ. ಮೊಣಕಾಲು ಮುಳುಗುವ ಕೆಸರಿನಲ್ಲಿ ನಿಂತು ವಿದ್ಯಾರ್ಥಿಗಳು ಇಟ್ಟಿಗೆ ಅಚ್ಚು ಹಾಕಿದರು. ಮೊದಲ ಗೂಡು ಕೆಟ್ಟಿತು, ಎರಡನೆಯದು ಕೆಟ್ಟಿತು, ಮೂರನೆಯದೂ ಕುಸಿಯಿತು. ಕೈಯಲ್ಲಿ ಕಾಸಿಲ್ಲದೆ ವಾಷಿಂಗ್ಟನ್ನರು ತಮ್ಮ ಗಡಿಯಾರವನ್ನು ಹದಿನೈದು ಡಾಲರಿಗೆ ಒತ್ತೆಯಿಟ್ಟು ನಾಲ್ಕನೆಯ ಗೂಡು ಸುಟ್ಟರು. ಅದು ಗೆದ್ದಿತು. ಆ ಗಡಿಯಾರ ಮಾತ್ರ ಅವರಿಗೆ ಮರಳಿ ದೊರೆಯಲಿಲ್ಲ. ಮುಂದೆ ಈ ಶಾಲೆಯ ಬಗೆಗೆ ಯಾವ ಸಹಾನುಭೂತಿಯೂ ಇಲ್ಲದಿದ್ದ ಬಿಳಿಯರೂ ಇಟ್ಟಿಗೆಗಾಗಿ ಅಲ್ಲಿಗೆ ಬಂದರು. ಅವರು ಕರುಣೆಯಿಂದ ಬರಲಿಲ್ಲ. ಇಟ್ಟಿಗೆ ಒಳ್ಳೆಯದಾಗಿತ್ತು, ಅವರಿಗೆ ಅದು ಬೇಕಾಗಿತ್ತು.

ಎರಡನೆಯದು ದಕ್ಷಿಣ ಅಮೆರಿಕದ ಪರಾಗ್ವೆ ದೇಶದ್ದು. ರಾಜಧಾನಿ ಅಸುನ್ಸಿಯೋನಿನಿಂದ ಐವತ್ತು ಕಿಲೋಮೀಟರಿನೊಳಗಿನ ಸೆರ್ರಿತೋ ಎಂಬಲ್ಲಿ ಕ್ರೈಸ್ತ ಸಹೋದರರು ನಡೆಸುತ್ತಿದ್ದ ಕೃಷಿಶಾಲೆಯೊಂದು ಹಣವಿಲ್ಲದೆ ಸಂಕಷ್ಟದಲ್ಲಿತ್ತು. ಮಾರ್ತಿನ್ ಬರ್ಟ್ ಎಂಬವರು 1985ರಲ್ಲಿ ಸ್ಥಾಪಿಸಿದ ಫುಂದಾಸಿಯೋನ್ ಪರಾಗ್ವಾಯಾ ಎಂಬ ಸಂಸ್ಥೆಯು 2002ರ ಸುಮಾರಿಗೆ ಅದನ್ನು ವಹಿಸಿಕೊಂಡಿತು. ಬಡ ರೈತರ ಮಕ್ಕಳು ಹದಿಹರೆಯದಲ್ಲಿ ಅಲ್ಲಿಗೆ ಬಂದು ಮೂರು ವರ್ಷ ವಾಸವಾಗಿದ್ದು ಕಲಿಯುತ್ತಿದ್ದರು. ಹಸು ಸಾಕಿ ಗಿಣ್ಣು, ಮೊಸರು ಮಾಡಿದರು. ಕೋಳಿ, ತರಕಾರಿ, ಜೇನು ಸಾಕಣೆಗೆ ಕೈಹಾಕಿದರು. ದಾರಿಯ ಬದಿಯಲ್ಲಿ ಅಂಗಡಿ ತೆರೆದರು. ಒಂದು ಸಣ್ಣ ಹೋಟೆಲನ್ನೂ ನಡೆಸಿದರು. ಮುಖ್ಯವಾದ ಮಾತೆಂದರೆ, ಪಾಠ ಹೇಳುವ ಅಧ್ಯಾಪಕನೇ ಆಯಾ ವಿಭಾಗದ ಲಾಭನಷ್ಟಕ್ಕೂ ಹೊಣೆಯಾಗಿದ್ದನು. ಪಾಲಿಗೆ ಬಂದ ಹಸು ಹಾಲು ಕಡಿಮೆ ಮಾಡಿದರೆ ಅದರ ಕಾರಣವನ್ನು ಗುರುಶಿಷ್ಯರಿಬ್ಬರೂ ಹುಡುಕಬೇಕಾಗಿತ್ತು. ಐದಾರು ವರ್ಷಗಳಲ್ಲಿ, 2007ರ ವೇಳೆಗೆ, ಶಾಲೆಯ ನಡಾವಳಿಯ ವೆಚ್ಚವು ಅದರ ಸಂಪಾದನೆಯಿಂದಲೇ ಹೊರಡುವಂತಾಯಿತು.

ಇಟ್ಟಿಗೆಗೂ ಗಿಣ್ಣಿಗೂ ಇದ್ದು ನಮ್ಮ ನೂಲಿಗೆ ಇಲ್ಲದಿದ್ದುದು ಏನು? ಕಾಯುತ್ತಿದ್ದ ಗಿರಾಕಿ. ಆತನು ವಸ್ತುವನ್ನು ತಿರುಗಿಸಿ ನೋಡುತ್ತಾನೆ, ಚೌಕಾಶಿ ಮಾಡುತ್ತಾನೆ, ಚೆನ್ನಾಗಿಲ್ಲದಿದ್ದರೆ ಬಿಟ್ಟುಹೋಗುತ್ತಾನೆ. ಅವನಷ್ಟು ನಿಷ್ಠುರನಾದ ಪರೀಕ್ಷಕ ಬೇರೊಬ್ಬನಿಲ್ಲ. ಮಗು ಮಾಡಿದ ವಸ್ತು ಅಂತಹ ಒಬ್ಬನ ಕೈ ಸೇರಿದಾಗಲೇ ಪಾಠ ಪೂರ್ಣವಾಗುತ್ತದೆ.

ಆದರೆ ವಯಸ್ಸಿನ ಭೇದವನ್ನು ಮರೆಯಬಾರದು. ಟಸ್ಕೀಗಿಯವರೂ ಸೆರ್ರಿತೋದವರೂ ಬೆಳೆದ ಹುಡುಗರು. ಆರರಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಉಚಿತ ಶಿಕ್ಷಣವು 2009ರ ಕಾಯ್ದೆಯ ಪ್ರಕಾರ ಹಕ್ಕಾಗಿದೆ; ಅದರ ವೆಚ್ಚ ಸರ್ಕಾರದ ಹೊಣೆ. ಅವರ ಪುಟ್ಟ ಕೈಗಳಿಂದ ಶಾಲೆಯ ಖರ್ಚು ಹೊರಡಲಿ ಎನ್ನುವುದು ಅನ್ಯಾಯ. ಚಿಕ್ಕವರಿಗೆ ಉದ್ಯಮವು ಪಾಠವಾಗಿರಲಿ. ದುಡಿಮೆಯ ಭಾರ ಬೆಳೆದವರಿಗಿರಲಿ.

ನೂರು ಬಳ್ಳಿಗಳ ಲೆಕ್ಕ

ಇದನ್ನು ನಮ್ಮ ಶಾಲೆಯ ಅಂಗಳಕ್ಕೆ ತರೋಣ. ಏಳನೆಯ ತರಗತಿಯ ಮಕ್ಕಳು ನೂರು ತೊಟ್ಟೆಗಳಲ್ಲಿ ಕಾಳುಮೆಣಸಿನ ಬಳ್ಳಿ ನೆಟ್ಟರೆಂದಿಟ್ಟುಕೊಳ್ಳಿ. ಮಣ್ಣು, ಗೊಬ್ಬರ, ತೊಟ್ಟೆ ಸೇರಿ ಒಂದಕ್ಕೆ 12 ರೂಪಾಯಿಯಂತೆ 1,200 ರೂಪಾಯಿ ಖರ್ಚಾಯಿತು. 15 ರೂಪಾಯಿಗೆ ಮಾರಿದರೆ ಒಂದಕ್ಕೆ ಮೂರು ರೂಪಾಯಿ ಲಾಭವೆಂದು ಮಗು ಹಿಗ್ಗುತ್ತದೆ. ಆದರೆ ಮೂವತ್ತು ಬಳ್ಳಿಗಳು ಬೇರು ಬಿಡದೆ ಸತ್ತವು. ಉಳಿದ ಎಪ್ಪತ್ತಕ್ಕೆ ಬಂದುದು 1,050 ರೂಪಾಯಿ. 150 ರೂಪಾಯಿ ನಷ್ಟ! ಬದುಕಿದ ಬಳ್ಳಿಯು ಸತ್ತ ಬಳ್ಳಿಯ ಖರ್ಚನ್ನೂ ಹೊರಬೇಕು, ಆದುದರಿಂದ ಬೆಲೆ 17 ರೂಪಾಯಿಗಿಂತ ಮೇಲಿರಬೇಕು ಎಂದು ಆ ಮಗು ಕಂಡುಕೊಂಡ ದಿನ ಅದಕ್ಕೆ ಭಾಗಾಕಾರವೂ ಬಂದಿತು, ವ್ಯಾಪಾರವೂ ಬಂದಿತು. ಬಳ್ಳಿ ಏಕೆ ಸತ್ತಿತೆಂದು ಹುಡುಕಹೊರಟರೆ ಸಸ್ಯಶಾಸ್ತ್ರವೂ ಬರುತ್ತದೆ.

ಅಷ್ಟಕ್ಕೆ ಲೆಕ್ಕ ಮುಗಿಯಲಿಲ್ಲ. ಬರೆಯದೆ ಬಿಟ್ಟ ಖರ್ಚು ಎಂಬುದೊಂದು ಇರುತ್ತದೆ. ಅದನ್ನು ಕಾಸರಗೋಡಿನವರಿಗೆ ಯಾರೂ ಕಲಿಸಬೇಕಾಗಿಲ್ಲ. 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ನಮ್ಮ ಗೇರುಗುಡ್ಡೆಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ಗೇರುಬೀಜದ ಲೆಕ್ಕಪುಸ್ತಕದಲ್ಲಿ ಔಷಧದ ಬೆಲೆಯಿತ್ತು. ಎಣ್ಮಕಜೆ, ಪಡ್ರೆಯ ಮನೆಗಳಲ್ಲಿ ಎದ್ದು ನಡೆಯಲಾರದ ಮಕ್ಕಳ ಲೆಕ್ಕವಿರಲಿಲ್ಲ. ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಆ ವಿಷವನ್ನು ನಿಷೇಧಿಸಿತು. ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2017ರಲ್ಲಿ ಆಜ್ಞಾಪಿಸಿತು. ಇಂದು ಸಂಪಾದಿಸಿ ನಾಳಿನ ನೆಲ, ನೀರು, ಸಂತಾನಗಳನ್ನು ಕೆಡಿಸುವ ಉದ್ಯಮ ನಷ್ಟದ ಉದ್ಯಮವೇ. ಶಾಲೆಯ ಲೆಕ್ಕಪುಸ್ತಕದಲ್ಲಿ ಜಮೆ, ಖರ್ಚುಗಳ ಜೊತೆಗೆ ‘ನೆಲಕ್ಕೆ ಏನಾಯಿತು?’ ಎಂಬ ಮೂರನೆಯ ಕಲಮು ಇರಲೇಬೇಕು. ಬಳ್ಳಿಯ ಗೊಬ್ಬರ ಎಲ್ಲಿಂದ ಬಂದಿತು, ಖಾಲಿ ತೊಟ್ಟೆ ಎಲ್ಲಿಗೆ ಹೋಯಿತು ಎಂಬುದನ್ನೂ ಮಕ್ಕಳು ಬರೆಯಲಿ.

ಲೆಕ್ಕದ ಭಾಷೆ

ಕೊನೆಯದಾಗಿ, ಆ ಪುಸ್ತಕ ಯಾವ ಭಾಷೆಯಲ್ಲಿರಬೇಕು? ಗಡಿಯಾಚೆಯ ಕನ್ನಡವು ಮನೆಯ ಮಾತಿಗೆ, ಹಬ್ಬಕ್ಕೆ, ಯಕ್ಷಗಾನಕ್ಕೆ ಸೀಮಿತವಾಗುತ್ತಿದೆಯೆಂಬ ಕೊರಗು ನಮ್ಮೆಲ್ಲರಲ್ಲಿದೆ. ಅಸಲು, ಲಾಭ, ನಗದು, ಉದ್ರಿ, ಶಿಲ್ಕು ಎಂಬ ಮಾತುಗಳು ನಮ್ಮ ಅಜ್ಜಂದಿರ ಕಡತಗಳಲ್ಲಿ ನಿತ್ಯ ಬಳಕೆಯಲ್ಲಿದ್ದವು. ಮೊಮ್ಮಕ್ಕಳಿಗೆ ಅವು ನಿಘಂಟಿನ ಶಬ್ದಗಳಾಗಿವೆ. ಅನ್ನದ ವ್ಯವಹಾರದಿಂದ ಹೊರಬಿದ್ದ ಭಾಷೆ ಬಹುಕಾಲ ಬಾಳುವುದಿಲ್ಲ. ಕನ್ನಡ ಶಾಲೆಯ ಮಗು ಬಳ್ಳಿ ಮಾರಿದ ರಶೀದಿಯನ್ನು ಕನ್ನಡದಲ್ಲಿ ಬರೆದು, ಅದನ್ನೇ ಮಲಯಾಳ ಮಾತಿನ ಗಿರಾಕಿಗೆ ಅವನ ನುಡಿಯಲ್ಲಿ ವಿವರಿಸಿದರೆ, ಎರಡು ಭಾಷೆಯ ನಡುವೆ ಬೆಳೆದುದೇ ಅದರ ಬಂಡವಾಳವಾಗುತ್ತದೆ.

ಪ್ರತಿಯೊಂದು ಸೀಮೆಗೂ ಅದರದೇ ವಸ್ತುವುಂಟು. ಸೊಲ್ಲಾಪುರದ ಕಡೆ ಜೋಳದ ಖಡಕ್ ರೊಟ್ಟಿಯಿದೆ, ಹೊಸೂರಿನಲ್ಲಿ ಹೂವಿದೆ, ಆದವಾನಿಯಲ್ಲಿ ಹತ್ತಿಯಿದೆ. ಆದರೆ ಮೊದಲು ಕೇಳಬೇಕಾದ ಪ್ರಶ್ನೆಗಳು ಎಲ್ಲ ಕಡೆಯೂ ಅವೇ: ಇದು ಯಾರಿಗೆ ಬೇಕಾಗಿದೆ? ಇದರಿಂದ ಮಗು ಏನನ್ನು ಕಲಿಯುತ್ತದೆ? ನೆಲಕ್ಕೆ ಹಾನಿಯಿಲ್ಲವಷ್ಟೆ? ಈ ಮೂರಕ್ಕೆ ಉತ್ತರ ದೊರೆತ ಮೇಲೆ ಗುದ್ದಲಿ ಎತ್ತಿದರೆ ಸಾಕು.

ಮುಂದಿನ ಪಾಲಕರ ಸಭೆಗೆ ಹೋದಾಗ ವಾಚಕರು ಶಾಲೆಯ ಫಲಕದ ಕಡೆಗೆ ಒಮ್ಮೆ ಕಣ್ಣು ಹಾಯಿಸಲಿ. ಅಲ್ಲಿ ‘ಬಿ’ ಅಕ್ಷರವಿದ್ದರೆ ಅದರ ಅರ್ಥವನ್ನು ಮಕ್ಕಳಿಗೆ ಹೇಳಲಿ. ಇಲ್ಲದಿದ್ದರೆ ಅಂಗಳದ ಮೂಲೆಯಲ್ಲಿ ನೂರು ತೊಟ್ಟೆಗಳಿಗೆ ಸ್ಥಳವುಂಟೇ ಎಂದು ಮಾಸ್ತರರನ್ನು ಕೇಳಲಿ. ಅಂದು ನನ್ನ ಪ್ರಶ್ನೆಗೆ ಮಾಸ್ತರರಲ್ಲಿ ಉತ್ತರವಿರಲಿಲ್ಲ, ತಪ್ಪು ಅವರದಲ್ಲ. ಇಂದಿನ ಮಗು ಅದೇ ಪ್ರಶ್ನೆ ಕೇಳಿದರೆ ಉತ್ತರ ಕೊಡಬೇಕಾದವರು ನಾವು.