ಸಣ್ಣದಲ್ಲ ಅಂದರೆ ದೊಡ್ಡದೇ?

ಅತ್ತಿಗೆಯ ಬಯಾಪ್ಸಿ ರಿಪೋರ್ಟ್ ಬಂದ ದಿನ ಅಣ್ಣ ತೀರ್ಥಹಳ್ಳಿಯಿಂದ ಫೋನ್ ಮಾಡಿ ಅದನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದ. ‘ನಾನ್ ಸ್ಮಾಲ್ ಸೆಲ್ ಕಾರ್ಸಿನೋಮ.’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸಣ್ಣದಲ್ಲ ಅಂತ ಬರೆದಿದಾರೆ ಕಣೇ. ಹಂಗಾದ್ರೆ ದೊಡ್ಡದೇ ಆಯ್ತಲ್ಲ?’ ಅಂದ.

ನಾನು 31 ವರ್ಷ ಹಿಸ್ಟೊಪೆಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದವಳು. ಇದೇ ಗೊಂದಲವನ್ನು ಕೌಂಟರಿನಲ್ಲಿ ತಿರುವುಮುರುವಾಗಿ ಎಷ್ಟೋ ಸಲ ನೋಡಿದ್ದೆ. ‘ಸ್ಮಾಲ್ ಸೆಲ್’ ಎಂದಿದ್ದ ರಿಪೋರ್ಟ್ ಹಿಡಿದು, ‘ಸಣ್ಣದಂತೆ, ಸದ್ಯ ಬಚಾವಾದ್ವಿ’ ಎಂದು ಮನೆಗೆ ಫೋನಿನಲ್ಲಿ ಹೇಳುತ್ತಾ ಮೆಟ್ಟಿಲಿಳಿದು ಹೋದವರಿದ್ದಾರೆ. ರಿಪೋರ್ಟ್ ವಿವರಿಸುವುದು ನಮ್ಮ ಕೆಲಸವಲ್ಲ, ಸುಮ್ಮನಿರುತ್ತಿದ್ದೆ. ಅಣ್ಣನ ಹತ್ತಿರ ಹಾಗಿರಲು ಆಗಲಿಲ್ಲ.

ಸಣ್ಣದು ಅನ್ನುವುದು ಗಡ್ಡೆಯ ಅಳತೆಯಲ್ಲ, ಜೀವಕೋಶದ ಅಳತೆ. ಸೂಜಿ ಹಾಕಿ ಶ್ವಾಸಕೋಶದಿಂದ ತೆಗೆದ ಚೂರು ಶ್ಯಾವಿಗೆಯ ಎಳೆಯಷ್ಟಿರುತ್ತದೆ. ಅದು ಫಾರ್ಮಾಲಿನ್‌ನಲ್ಲಿ ನೆನೆದು, ಮೇಣದ ಅಚ್ಚಿನೊಳಗೆ ಕೂತ ಮೇಲೆ, ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಮೂರೋ ನಾಲ್ಕೋ ಪಾಲಿನಷ್ಟು ತೆಳುವಾಗಿ ಮೈಕ್ರೊಟೋಮ್‌ನಲ್ಲಿ ಕೊಯ್ಯುತ್ತಿದ್ದೆ. ಬೆಚ್ಚಗಿನ ನೀರಿನ ಮೇಲೆ ತೇಲುವ ಆ ಪೊರೆಯನ್ನು ಗಾಜಿಗೆ ಹತ್ತಿಸಿ ಬಣ್ಣ ಹಾಕಿದರೆ ಕೋಶಕೇಂದ್ರ ನೇರಳೆ, ಸುತ್ತಲಿನದು ಗುಲಾಬಿ.

ಸ್ಮಾಲ್ ಸೆಲ್ ಸ್ಲೈಡಿನಲ್ಲಿ ಗುಲಾಬಿಯೇ ಕಾಣುವುದಿಲ್ಲ ಎನ್ನಬೇಕು. ರಾಗಿ ಚೆಲ್ಲಿದ ಹಾಗೆ ನೇರಳೆ ಕಾಳುಗಳು, ಒಂದಕ್ಕೊಂದು ಒತ್ತಿಕೊಂಡು. ಹಳೆಯ ಡಾಕ್ಟರುಗಳು ‘ಓಟ್ ಸೆಲ್’ ಅನ್ನುತ್ತಿದ್ದರು. ಶ್ವಾಸಕೋಶದ ಕ್ಯಾನ್ಸರ್ ಬಂದ ನೂರು ಜನರಲ್ಲಿ ಸುಮಾರು 15 ಮಂದಿಗೆ ಈ ಬಗೆ, ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಬೀಡಿ ಸಿಗರೇಟು ಸೇದಿದವರು. ಹೆಸರು ಸಣ್ಣದು, ಓಟ ಜೋರು. ಗೊತ್ತಾಗುವಷ್ಟರಲ್ಲಿ ಸಾಮಾನ್ಯವಾಗಿ ಲಿವರಿಗೋ ಮೂಳೆಗೋ ಮಿದುಳಿಗೋ ಹೋಗಿರುತ್ತದೆ. ಆದ್ದರಿಂದ ಆಪರೇಷನ್ ಅಪರೂಪ, ಹೆಚ್ಚಾಗಿ ಕಿಮೋ ಮತ್ತು ರೇಡಿಯೇಷನ್ನೇ ಆಧಾರ. ಮೊದಲ ಕಿಮೋಗೆ ತುಪ್ಪದ ಹಾಗೆ ಕರಗುತ್ತದೆ, ತುಪ್ಪದ ಹಾಗೆಯೇ ಮತ್ತೆ ಹೆಪ್ಪುಗಟ್ಟುತ್ತದೆ.

ಉಳಿದ 85 ಮಂದಿಯದು ‘ಸಣ್ಣದಲ್ಲದ್ದು’. ಇದೊಂದು ಕಾಯಿಲೆಯ ಹೆಸರೇ ಅಲ್ಲ, ಉಳಿದದ್ದನ್ನೆಲ್ಲ ತುಂಬಿದ ಬುಟ್ಟಿ. ಅದರಲ್ಲಿ ಸ್ಕ್ವೇಮಸ್ ಅನ್ನುವುದು ಹೆಚ್ಚಾಗಿ ಎದೆಯ ನಡುವಿನ ದೊಡ್ಡ ಶ್ವಾಸನಾಳಗಳಲ್ಲಿ ಹುಟ್ಟುವಂಥದು. ಕೆಲವು ಸ್ಲೈಡುಗಳಲ್ಲಿ ಈರುಳ್ಳಿ ಅಡ್ಡ ಕೊಯ್ದ ಹಾಗೆ ಸುತ್ತುಗಳು ಕಾಣುತ್ತವೆ. ಕೆಮ್ಮಿದಾಗ ರಕ್ತ ಬರುವುದು ಇದರಲ್ಲಿ ಹೆಚ್ಚು, ಹೊಗೆಸೊಪ್ಪಿನ ನಂಟೂ ಗಟ್ಟಿ. 1933ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಇವಾರ್ಟ್ಸ್ ಗ್ರಹಾಂ ಎಂಬ ಸರ್ಜನ್ ಈ ಬಗೆಯ ಕ್ಯಾನ್ಸರ್ ಬಂದ ಡಾಕ್ಟರೊಬ್ಬರ ಒಂದು ಶ್ವಾಸಕೋಶವನ್ನೇ ಪೂರ್ತಿ ತೆಗೆದರು. ಆ ರೋಗಿ ಸುಮಾರು 30 ವರ್ಷ ಬದುಕಿದರು. ಸಿಗರೇಟು ಸೇದುತ್ತಿದ್ದ ಗ್ರಹಾಂ 1957ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದಲೇ ತೀರಿಕೊಂಡರು, ಅದೂ ಆ ರೋಗಿಗಿಂತ ಮೊದಲು.

ಅತ್ತಿಗೆಯದು ಅಡಿನೊಕಾರ್ಸಿನೋಮ. ಲೋಳೆ ಸುರಿಸುವ ಗ್ರಂಥಿಗಳ ಬಗೆಯ ಕೋಶಗಳಿಂದ, ಬಹಳ ಸಲ ಶ್ವಾಸಕೋಶದ ಅಂಚಿನಲ್ಲಿ ಬೆಳೆಯುತ್ತದೆ. ಅಂಚಿನಲ್ಲಿರುವುದರಿಂದ ಬಹಳ ದಿನ ಸದ್ದೇ ಮಾಡುವುದಿಲ್ಲ. ಈಗ ಎಲ್ಲಕ್ಕಿಂತ ಹೆಚ್ಚು ಕಾಣುವ ಬಗೆ ಇದು. ಸೇದುವವರಿಗೂ ಬರುತ್ತದೆ, ಆದರೆ ಬೀಡಿ ಮುಟ್ಟದವರಿಗೆ, ಅದರಲ್ಲೂ ಹೆಂಗಸರಿಗೆ, ಈ ಕ್ಯಾನ್ಸರ್ ಬಂದರೆ ಹೆಚ್ಚಾಗಿ ಈ ಬಗೆಯದೇ. ಊರಿನವರು ಅಣ್ಣನ ಕಡೆ ಓರೆಗಣ್ಣಲ್ಲಿ ನೋಡಿದರು. ಅವನು ಎಲೆಅಡಿಕೆ ಬಿಟ್ಟರೆ ಬೇರೇನೂ ಕಂಡವನಲ್ಲ. ಸೌದೆ ಒಲೆ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಹಂಡೆ, ಇವುಗಳ ಹೊಗೆ ಅತ್ತಿಗೆ 40 ವರ್ಷ ಕುಡಿದಿದ್ದಾರೆ. ಸೌದೆಹೊಗೆಯ ಮೇಲೆ ವಿಜ್ಞಾನಿಗಳಿಗೆ ಬಲವಾದ ಶಂಕೆ ಇದೆ. ಆದರೂ ಇವರಿಗೆ ಅದರಿಂದಲೇ ಬಂತೆಂದು ಯಾವ ಸ್ಲೈಡೂ ಹೇಳುವುದಿಲ್ಲ.

ಇದಕ್ಕೂ ಮೊದಲು ಎರಡು ತಿಂಗಳು ಅವರು ಟಿಬಿ ಮಾತ್ರೆ ನುಂಗಿದ್ದರು. ಕೆಮ್ಮು, ಸಣ್ಣ ಜ್ವರ, ಎಕ್ಸ್‌ರೇಯಲ್ಲಿ ಬಿಳಿ ಕಲೆ. ಕಫದಲ್ಲಿ ಟಿಬಿ ಕ್ರಿಮಿ ಸಿಗದಿದ್ದರೂ ಮಾತ್ರೆ ಶುರುವಾಯಿತು. ಮಾತ್ರೆಯಿಂದ ಉಚ್ಚೆ ಕೆಂಪಾಯಿತು, ಕೆಮ್ಮು ಕಡಿಮೆಯಾಗಲಿಲ್ಲ, ರವಿಕೆ ಸಡಿಲವಾಗುತ್ತಾ ಹೋಯಿತು. ಟಿಬಿ ಇಷ್ಟು ಹರಡಿರುವ ನಾಡಿನಲ್ಲಿ ಡಾಕ್ಟರಿಗೆ ಮೊದಲು ಅದೇ ಹೊಳೆಯುವುದು ಸಹಜವೇ. ಮಾತ್ರೆಗೆ ಬಗ್ಗದಿದ್ದಾಗಲೂ ಸಿಟಿ ಸ್ಕ್ಯಾನ್ ಮಾಡಿಸದೆ ಕಾದದ್ದಕ್ಕೆ ನನಗೆ ಈಗಲೂ ಸಿಟ್ಟಿದೆ. ಫೋನಿನಲ್ಲಿ ‘ಟಿಬಿಯಂತೆ’ ಎಂದಾಗ ‘ಸರಿ’ ಅಂದವಳು ನಾನೇ ಎಂಬುದಕ್ಕೂ.

ಬಗೆ ಗೊತ್ತಾದ ಮೇಲೂ ಕೆಲಸ ಮುಗಿಯುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಬುಟ್ಟಿಯ ಹೆಸರು ಬರೆದರೆ ಸಾಕಿತ್ತು, ಒಳಗೆ ಯಾವುದೇ ಇದ್ದರೂ ಕಿಮೋ ಹೆಚ್ಚುಕಡಿಮೆ ಒಂದೇ. 2004ರಲ್ಲಿ ಇಜಿಎಫ್‌ಆರ್ ಎಂಬ ಜೀನಿನ ಬದಲಾವಣೆ ಪತ್ತೆಯಾಯಿತು, 2007ರಲ್ಲಿ ಎಎಲ್‌ಕೆ. ಇವು ಹೆಚ್ಚಾಗಿ ಸಿಗುವುದು ಅಡಿನೊ ಬಗೆಯಲ್ಲಿ. ಸಿಕ್ಕಿದರೆ ಮುಂದುವರಿದ ಕಾಯಿಲೆಗೂ ಮಾತ್ರೆ ಇದೆ. ಅಲ್ಲಿಂದಾಚೆ ಶ್ಯಾವಿಗೆ ಎಳೆಯಷ್ಟು ಚೂರಿನಲ್ಲಿ ಬಗೆಯನ್ನೂ ನೋಡಬೇಕು, ಜೀನಿಗೂ ಉಳಿಸಬೇಕು. ಬ್ಲೇಡು ತಗುಲಿದಷ್ಟೂ ಚೂರು ಸವೆಯುತ್ತದೆ. ಶ್ವಾಸಕೋಶದ ಬ್ಲಾಕ್ ಬಂದ ದಿನ ನಾನು ಮಾತಾಡದೆ ಕೊಯ್ಯುತ್ತಿದ್ದೆ. ಹೊಸ ಹುಡುಗರು ಸ್ಲೈಡ್ ಚಂದ ಬರಲಿಲ್ಲವೆಂದು ಇನ್ನೊಂದು, ಮತ್ತೊಂದು ಕೊಯ್ಯುವುದನ್ನು ಕಂಡರೆ ಬೈಯುತ್ತಿದ್ದೆ.

ಅತ್ತಿಗೆಯ ಚೂರಿನಲ್ಲಿ ಇಜಿಎಫ್‌ಆರ್ ಸಿಕ್ಕಿತು. ದಿನಕ್ಕೊಂದು ಮಾತ್ರೆ. ಮೂರನೇ ತಿಂಗಳ ಸ್ಕ್ಯಾನಿನಲ್ಲಿ ಗಡ್ಡೆ ಕುಗ್ಗಿದೆ. ಇದರಿಂದ ಬೇರು ಸಮೇತ ಹೋಗುವುದಿಲ್ಲ, ಮುಂದೊಂದು ದಿನ ಕ್ಯಾನ್ಸರ್ ಈ ಮಾತ್ರೆಯನ್ನು ದಾಟುವ ದಾರಿ ಕಂಡುಕೊಳ್ಳಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ. ಮುಖದ ತುಂಬ ಗುಳ್ಳೆ ಎದ್ದಿವೆ, ಅದು ಮಾತ್ರೆಯ ಪ್ರಭಾವ. ‘ಮದುವೆಗೆ ಮುಂಚೆ ಬರದ ಮೊಡವೆ ಈಗ ಬಂದಿದೆ ನೋಡು’ ಎಂದು ನನ್ನ ಕೈಹಿಡಿದು ಕೆನ್ನೆಗೆ ಮುಟ್ಟಿಸಿದರು.

ಜೀನ್ ಟೆಸ್ಟಿಗೆ ಕಳಿಸಿದ್ದ ಬ್ಲಾಕ್ ವಾಪಸು ಬಂದಾಗ ಏನು ಮಾಡಲಿ ಎಂದು ಅಣ್ಣ ಕೇಳಿದ. ಮುಂದೆ ಬೇಕಾಗಬಹುದು, ಬಿಸಿಲು ತಾಗದ ಕಡೆ ಇಡು ಅಂದಿದ್ದೆ. ಕಳೆದ ಸಲ ಹೋದಾಗ ಬೀರು ತೆರೆದು ತೋರಿಸಿದ. ತೋಟದ ಪಹಣಿ, ಮಂಡಿಯ ಲೆಕ್ಕದ ಚೀಟಿಗಳ ನಡುವೆ ಹಳೆಯ ಕುಂಕುಮದ ಭರಣಿ, ಅದರೊಳಗೆ ಹತ್ತಿಯಲ್ಲಿ ಸುತ್ತಿದ ಮೇಣದ ಚೂರು.